ನಾಲಿಗೆ ತೋರಿಸದ ಬೆಳಿಗ್ಗೆ

ಆಸ್ಪತ್ರೆಗೆ ಎರಡು ಬಾಗಿಲು. ಮುಂದಿನದು ಗಾಜಿನದು, ಹತ್ತಿರ ಹೋದರೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಹಿಂದಿನದು ತಗಡಿನದು, ಒದ್ದರೂ ತೆರೆಯುವುದಿಲ್ಲ. ಮುಂದಿನದು ನಮ್ಮಮ್ಮನಿಗೆ. ಹಿಂದಿನದು ನನಗೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ನನಗೆ ಮಾತ್ರೆ ಕಾಯಿಲೆ. ಒಂದೇ ಬಸ್ಸಿನಲ್ಲಿ ಬಂದು ಒಂದೇ ಸ್ಟಾಪಿನಲ್ಲಿ ಇಳಿದು ಗೇಟಿನ ಹತ್ತಿರ ಬೇರೆಯಾಗುತ್ತೇವೆ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ, ‘ಹೇಗಿದ್ದೀರಮ್ಮ’ ಎನ್ನುತ್ತಾರೆ, ಔಷಧಿಯನ್ನು ಚೀಲದಲ್ಲಿ ಹಾಕಿ ಮನೆಗೆ ಕೊಟ್ಟು ಕಳಿಸುತ್ತಾರೆ. ಅವಳು ಅದನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾಳೋ ಕಿಟಕಿಯಿಂದ ಎಸೆಯುತ್ತಾಳೋ ಯಾರೂ ಕೇಳುವುದಿಲ್ಲ. ಅವಳು ಕದ್ದು ಸಿಹಿ ತಿನ್ನುವುದು ಅವರಿಗೆಲ್ಲ ಗೊತ್ತು. ‘ಬಾಯಿ ಚಪಲ ಯಾರಿಗಿಲ್ಲ ಬಿಡಿ’ ಎಂದು ನಗುತ್ತಾರೆ.

ನಾನು ಕಟ್ಟಡ ಸುತ್ತಿಕೊಂಡು, ಕಸದ ಡಬ್ಬಿಗಳನ್ನು ದಾಟಿ, ಬಟ್ಟೆ ಒಗೆಯುವ ಯಂತ್ರಗಳ ಬಿಸಿಗಾಳಿಗೆ ಮುಖವೊಡ್ಡಿ ತಗಡಿನ ಬಾಗಿಲಿಗೆ ಹೋಗುತ್ತೇನೆ. ಅಲ್ಲಿ ನನ್ನನ್ನು ‘ಹೇಗಿದ್ದೀರಿ’ ಎಂದು ಯಾರೂ ಕೇಳುವುದಿಲ್ಲ. ‘ಆ ಅನ್ನು, ನಾಲಿಗೆ ತೋರಿಸು’ ಎನ್ನುತ್ತಾರೆ. ಮುಂದಿನ ಬಾಗಿಲಿನಲ್ಲಿ ಬಹುವಚನ, ಹಿಂದಿನ ಬಾಗಿಲಿನಲ್ಲಿ ಏಕವಚನ. ಆಸ್ಪತ್ರೆ ಒಂದೇ.

ನನ್ನನ್ನು ಎಲ್ಲರೂ ಫ್ರಿಜ್ಜಕ್ಕ ಎನ್ನುತ್ತಾರೆ. ಮನೆ ಬದಲಾಯಿಸುವವರ ಸಾಮಾನು ಹೊರುವುದು ನನ್ನ ಕೆಲಸ. ಒಮ್ಮೆ ಲಿಫ್ಟ್ ಇಲ್ಲದ ಕಟ್ಟಡದ ಐದನೇ ಮಹಡಿಗೆ ಒಂದು ಫ್ರಿಜ್ಜನ್ನು ಬೆನ್ನಿಗೆ ಕಟ್ಟಿಕೊಂಡು ಒಬ್ಬಳೇ ಹತ್ತಿದೆ. ಜೊತೆಗೆ ಹೊರಬೇಕಾದವನು ಅವತ್ತು ಬಂದಿರಲಿಲ್ಲ. ಗಾಡಿಯ ಮಾಲೀಕ ‘ನಿನ್ನ ಕೈಲಾಗುತ್ತೆ ಬಿಡು’ ಎಂದ. ಕೈಲಾಯಿತು. ಮೇಲೆ ಹೋಗಿ ಇಳಿಸಿದಾಗ ಮನೆಯಾಕೆ ಫ್ರಿಜ್ಜಿನ ಬಾಗಿಲು ತೆರೆದು, ಒಳಗಿನ ಗಾಜು ಒಡೆದಿಲ್ಲ ತಾನೆ ಎಂದು ಪರೀಕ್ಷೆ ಮಾಡಿದಳು. ಒಡೆದದ್ದು ನನ್ನ ಸೊಂಟ. ಅದನ್ನು ತೆರೆದು ನೋಡುವುದಕ್ಕೆ ಬಾಗಿಲು ಇರಲಿಲ್ಲ.

ಮಾಲೀಕನ ವ್ಯಾನಿನಲ್ಲಿ, ಸ್ಟೀರಿಂಗಿನ ಪಕ್ಕ, ಒಂದು ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಅದರೊಳಗೆ ಬಿಳಿ ಮಾತ್ರೆ. ‘ನೋವಿದ್ರೆ ಒಂದು ಹಾಕ್ಕೋ. ಗಾಡಿ ನಿಲ್ಸೋಕಾಗಲ್ಲ.’ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಬೆನ್ನು ನನ್ನದಲ್ಲ ಎನ್ನಿಸಿತು. ಮೆಟ್ಟಿಲು ಹತ್ತುತ್ತಿರುವವಳು ನಾನಲ್ಲ ಎನ್ನಿಸಿತು. ಮಾಲೀಕ ಒಳ್ಳೆಯವನು ಎಂದೂ ಎನ್ನಿಸಿತು. ಅಷ್ಟು ಎನ್ನಿಸಿದ ಮೇಲಾದರೂ ಇದು ತಲೆ ಕೆಡಿಸುವ ಮಾತ್ರೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗುಂಪಿನಲ್ಲಿ ಎಲ್ಲರೂ ಹಾಕಿಕೊಂಡೆವು. ಎರಡು ಮನೆ ಸಾಗಿಸುವ ಹೊತ್ತಿನಲ್ಲಿ ಮೂರು ಮನೆ ಸಾಗಿಸಿದೆವು. ಡಬ್ಬಿ ಖಾಲಿಯಾದ ದಿನ ಮೈ ಬೆವರುತ್ತಿತ್ತು, ಮೂಗು ಸೋರುತ್ತಿತ್ತು, ಮೂಳೆಯೊಳಗೆ ಇರುವೆ ಹರಿದಾಡುತ್ತಿತ್ತು. ಅಂಥ ಒಂದು ದಿನ ಯಾರದೋ ನಿಲುಗನ್ನಡಿ ನನ್ನ ಕೈಯಿಂದ ಜಾರಿ ಚೂರಾಯಿತು. ಮಾಲೀಕ ಬೀದಿಯಲ್ಲಿ ನಾಲ್ಕು ಜನರ ಮುಂದೆ, ‘ನಶೆ ಮಾಡೋರಿಗೆ ನನ್ನ ಗಾಡೀಲಿ ಜಾಗ ಇಲ್ಲ’ ಎಂದ. ಡಬ್ಬಿ ಅವನ ಮೊಣಕೈ ಪಕ್ಕದಲ್ಲೇ ಇತ್ತು.

ಆಮೇಲೆ ಎಲ್ಲರೂ ನನ್ನನ್ನು ಸರಿಮಾಡಲು ಹೊರಟರು. ತಂಗಿಯ ಗಂಡ ಸಿಗರೇಟು ಹಚ್ಚಿಕೊಳ್ಳುತ್ತಾ, ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಕ್ಕ, ಮನುಷ್ಯ ಅನ್ನೋನು ಏನು ಬೇಕಾದ್ರೂ ಬಿಡಬಹುದು’ ಎಂದ. ಅಮ್ಮ ನನ್ನನ್ನು ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಿದಳು. ನಾನು ಒಳಗೆ ವಾಂತಿ ಮಾಡಿಕೊಂಡು ಕಿರುಚಿದೆ, ಅವಳು ಹೊರಗೆ ಬಾಗಿಲಿಗೆ ಒರಗಿ ಅತ್ತಳು. ಕೊನೆಗೆ ಯಾರೋ ಹೇಳಿದರೆಂದು ಒಂದು ಸುಧಾರಣಾ ಮನೆಗೆ ಸೇರಿಸಿದರು. ಎತ್ತರದ ಗೋಡೆ, ಬೆಳಗಾಗೆದ್ದರೆ ಪೈಪಿನಲ್ಲಿ ತಣ್ಣೀರು, ಸಾಲಾಗಿ ನಿಂತು ‘ನಾನು ಕೆಟ್ಟವಳು’ ಎಂದು ಕೂಗಬೇಕು. ದನಿ ಸಣ್ಣದಾದರೆ ಇನ್ನೊಂದು ಸಲ ಕೂಗಬೇಕು. ಅಲ್ಲಿಂದ ಬಿಟ್ಟಾಗ ನನ್ನ ಗಂಟಲು ಬಹಳ ಚೆನ್ನಾಗಿತ್ತು. ಕಾಯಿಲೆ ಹಾಗೆಯೇ ಇತ್ತು.

ಬಿಟ್ಟ ಎರಡನೇ ದಿನವೇ ಹಳೇ ಲೆಕ್ಕದಲ್ಲಿ ಮಾತ್ರೆ ನುಂಗಿದೆ. ಮೈಗೆ ಅಭ್ಯಾಸ ತಪ್ಪಿತ್ತು, ಉಸಿರು ನಿಂತಿತು. ತುಟಿ ನೀಲಿಯಾಗಿತ್ತಂತೆ. ಆಂಬುಲೆನ್ಸಿನಲ್ಲಿ ಬಂದ ಹುಡುಗಿ ಮೂಗಿಗೆ ಏನೋ ಸಿಂಪಡಿಸಿ ನನ್ನನ್ನು ಎಬ್ಬಿಸಿದಳು. ಎಬ್ಬಿಸಿ, ಮೊದಲ ಸಲ ಒಬ್ಬರು ಹೇಳಬೇಕಾದ ಮಾತು ಹೇಳಿದಳು. ‘ಇದು ನಿಮ್ಮ ಗುಣದ ತಪ್ಪಲ್ಲ. ಕಾಯಿಲೆ. ಇದಕ್ಕೆ ಔಷಧಿ ಇದೆ, ಈಗ ಹೋಗ್ತಿರೋ ಆಸ್ಪತ್ರೇಲೇ ಕೊಡ್ತಾರೆ. ಹಿಂದಿನ ಬಾಗಿಲು.’ ಕೊನೆಯ ಮಾತನ್ನು ಸ್ವಲ್ಪ ಮೆತ್ತಗೆ ಹೇಳಿದಳು.

ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಅದು ನಶೆ ಏರಿಸುವುದಿಲ್ಲ, ನಡುಕ ಇಳಿಸುತ್ತದೆ. ಅದು ಮೈಗೆ ಹಿಡಿದ ದಿನ ಮನೆಗೆ ಹೋಗಿ ಪಾತ್ರೆ ತೊಳೆದು, ‘ಅಮ್ಮ, ಹಸಿವಾಗ್ತಿದೆ’ ಎಂದೆ. ಅಮ್ಮ ಒಲೆಯ ಕಡೆಗೆ ತಿರುಗಿ ನಿಂತುಬಿಟ್ಟಳು. ಬಹಳ ಹೊತ್ತು ಈ ಕಡೆ ತಿರುಗಲಿಲ್ಲ. ಗುರುವಾರ ಒಬ್ಬರು ಮೇಡಂ ಬಂದು ನಮ್ಮ ಜೊತೆ ಕೂತು ಮಾತಾಡುತ್ತಾರೆ, ಅದೂ ಒಳ್ಳೆಯದೇ. ಎಲ್ಲ ಸರಿಯಿತ್ತು. ಆ ಬಾಗಿಲು ಮತ್ತು ಅದು ತೆರೆಯುವ ಹೊತ್ತು ಮಾತ್ರ ಸರಿಯಿರಲಿಲ್ಲ.

ಬಾಗಿಲು ತೆರೆಯುವುದು ಒಂಬತ್ತಕ್ಕೆ. ಬೆನ್ನು ಬಗ್ಗಿಸಿ ದುಡಿಯುವ ಯಾವ ಕೆಲಸ ಒಂಬತ್ತಕ್ಕೆ ಶುರುವಾಗುತ್ತದೆ ಹೇಳಿ. ನನ್ನ ಜೊತೆ ಮಾತ್ರೆಗೆ ಬರುವ ಬೇಕರಿಯವನು ಬೆಳಗಿನ ಬ್ರೆಡ್ಡು ಒಲೆಯಲ್ಲೇ ಬಿಟ್ಟು ಬಂದು ಕೆಲಸ ಕಳೆದುಕೊಂಡ. ಗಾರೆ ಕೆಲಸದವನನ್ನು ‘ಮಧ್ಯಾಹ್ನ ಬರೋ ದೊರೆಗಳು ನಮಗೆ ಬೇಡ’ ಎಂದು ಕಳಿಸಿದರು. ದರ್ಜಿಯಿದ್ದ ಕಾರ್ಖಾನೆ ಎಂಟಕ್ಕೇ ಗೇಟು ಮುಚ್ಚುತ್ತದೆ. ಔಷಧಿ ಬೇಕಾದರೆ ಕೆಲಸ ಬಿಡಬೇಕು, ಕೆಲಸ ಬೇಕಾದರೆ ಔಷಧಿ ಬಿಡಬೇಕು. ಆಮೇಲೆ ಈ ವಿಭಾಗದ ಡಾಕ್ಟರೇ ನಮಗೆ, ‘ಸುಮ್ನೆ ಕೂತಿರ್ತೀರಿ, ಅದಕ್ಕೇ ಚಟ. ಏನಾದ್ರೂ ಕೆಲಸ ಮಾಡಿ’ ಎಂದು ಬುದ್ಧಿ ಹೇಳುತ್ತಿದ್ದರು.

ತಗಡಿನ ಬಾಗಿಲಿನ ಒಳಗೆ ಒಂದೇ ಕೋಣೆ. ಉದ್ದನೆಯ ಬೆಂಚು, ಒಂದು ಕಿಟಕಿ, ಕಿಟಕಿಯ ಆಚೆ ಸಿಸ್ಟರ್. ಸಿಸ್ಟರ್ ಕೆಲಸವಿಲ್ಲದಾಗ ಬೂದು ಬಣ್ಣದ ಉಣ್ಣೆಯಲ್ಲಿ ಮಫ್ಲರ್ ಹೆಣೆಯುತ್ತಿದ್ದರು. ಅದು ಮುಗಿಯುತ್ತಲೇ ಇರಲಿಲ್ಲ. ಸುರುಳಿ ಸುತ್ತಿ ಚೀಲದಲ್ಲಿ ತುರುಕಿದ್ದು ಒಂದು ದಿಂಬಿನಷ್ಟಿತ್ತು. ‘ಜಿರಾಫೆಗೆ ಮಾಡ್ತಿದ್ದಾರೆ’ ಎಂದು ದರ್ಜಿ ಹೇಳುತ್ತಿದ್ದ. ಸಿಸ್ಟರ್ ನಗುತ್ತಿರಲಿಲ್ಲ. ನಿಯಮ ಎಂದರೆ ನಿಯಮ ಎನ್ನುವ ಹೆಂಗಸು.

ಗೋಡೆಯ ಮೇಲೆ ಒಂದು ಫಲಕ: ‘ಮಾತಾಡಬಾರದು. ಉಗುಳಬಾರದು. ನಗಬಾರದು.’ ಮೊದಲ ಎರಡಕ್ಕೆ ಕಾರಣವಿದೆ. ಮಾತ್ರೆ ನಾಲಿಗೆಯ ಕೆಳಗೆ ತಾನಾಗಿ ಕರಗಬೇಕು, ಮಾತಾಡಿದರೆ ಜಾರುತ್ತದೆ, ನುಂಗಿದರೆ ದಂಡ. ಮೂರನೆಯದನ್ನು ದರ್ಜಿಗಾಗಿಯೇ ಆಮೇಲೆ ಸೇರಿಸಿದರು.

ದರ್ಜಿಗೆ ಹಿಂದೊಮ್ಮೆ ಮೂತ್ರಪಿಂಡದಲ್ಲಿ ಕಲ್ಲಾಗಿ ನೋವಿಗೆ ಚುಚ್ಚುಮದ್ದು ಕೊಟ್ಟಿದ್ದರು. ಕಲ್ಲು ಹೋಯಿತು, ಚುಚ್ಚುಮದ್ದು ಉಳಿಯಿತು. ಕಡ್ಡಿಯಂಥ ಮನುಷ್ಯ, ಕೊರಳಲ್ಲಿ ಸದಾ ಅಳತೆಯ ಟೇಪು. ಅವನು ದಿನಾ ಒಂದು ಕಥೆ ಹೇಳುತ್ತಿದ್ದ. ಕಥೆಯ ಮೊದಲರ್ಧ ಮಾತ್ರೆಗೆ ಮುಂಚೆ, ಕೊನೆ ಮಾತ್ರೆ ಕರಗಿದ ಮೇಲೆ. ನಡುವೆ ನಾವು ಬಾಯಿ ಮುಚ್ಚಿಕೊಂಡು, ಜೊಲ್ಲು ತಡೆದುಕೊಂಡು, ಕೊನೆ ಏನಿರಬಹುದು ಎಂದು ತಲೆ ಕೆಡಿಸಿಕೊಂಡು ಕೂರುತ್ತಿದ್ದೆವು. ನಮ್ಮ ಚಿಕಿತ್ಸೆಯಲ್ಲಿ ಅರ್ಧ ಮಾತ್ರೆ, ಅರ್ಧ ದರ್ಜಿ.

ಅವನಿಗೆ ಇನ್ನೊಂದು ವಿದ್ಯೆಯೂ ಬರುತ್ತಿತ್ತು. ಡಾಕ್ಟರ ದನಿಯ ಪಡಿಯಚ್ಚು ತೆಗೆಯುತ್ತಿದ್ದ. ಮಾತ್ರೆ ಕೊಡುವಾಗ ತಗಡಿನ ಬಾಗಿಲಿಗೂ ಕಿಟಕಿಯ ಆಚೆಯ ಕಾರಿಡಾರಿನ ಬಾಗಿಲಿಗೂ ಹೊರಗಿನಿಂದ ಬೀಗ. ಎಲ್ಲರ ನಾಲಿಗೆ ನೋಡಿದ ಮೇಲೆ ಸಿಸ್ಟರ್ ಹೇಳಿದರೆ ಕಾವಲುಗಾರ ತೆಗೆಯುತ್ತಾನೆ. ಯಾರೂ ಮಾತ್ರೆಯನ್ನು ಕೆನ್ನೆಯಲ್ಲಿ ಅಡಗಿಸಿಕೊಂಡು ಹೊರಗೆ ಹೋಗಿ ಮಾರಬಾರದು ಎಂದು ಈ ಏರ್ಪಾಡು. ಒಂದು ಸಲ ಬೇಕರಿಯವನಿಗೆ ತಡೆಯಲಾರದಷ್ಟು ಅವಸರವಾಗಿ ಮುಖ ಕೆಂಪಾಗಿತ್ತು. ಮಾತ್ರೆ ಕರಗಿಸಿಕೊಂಡಿದ್ದ ದರ್ಜಿ ಬಾಗಿಲ ಬಳಿ ಹೋಗಿ ಡಾಕ್ಟರ ದನಿಯಲ್ಲಿ, ‘ಏ, ಬಾಗಿಲು ತೆಗಿಯೋ’ ಎಂದ. ಬಾಗಿಲು ತೆರೆಯಿತು, ಬೇಕರಿಯವನು ಓಡಿದ. ಆಮೇಲೆ ವಿಷಯ ತಿಳಿದು ಡಾಕ್ಟರು ಕಾವಲುಗಾರನನ್ನು ನಮ್ಮೆಲ್ಲರ ಮುಂದೆ ನಿಲ್ಲಿಸಿ ಉಗಿದರು. ‘ಇನ್ಮೇಲೆ ಸಿಸ್ಟರ್ ಹೇಳಿದ್ರೆ ಮಾತ್ರ ತೆಗಿ. ನಾನೇ ಒಳಗಿಂದ ಕೂಗಿದ್ರೂ ತೆಗೀಬೇಡ. ತಿಳೀತಾ?’ ಕಾವಲುಗಾರ ತಲೆ ತಗ್ಗಿಸಿ, ತಿಳೀತು ಎಂದ.

ಇಷ್ಟರಲ್ಲಿ ನನಗೊಂದು ಕೆಲಸ ಸಿಕ್ಕಿತು. ಹಳೇ ಗುಂಪಿನ ಉದ್ದಣ್ಣ ಮಾಲೀಕನನ್ನು ಬಿಟ್ಟು ತಾನೇ ಒಂದು ಹಳೇ ವ್ಯಾನು ಹಿಡಿದಿದ್ದ. ‘ನಮ್ ಗಾಡೀಲಿ ಡಬ್ಬಿ ಇಲ್ಲ ಫ್ರಿಜ್ಜಕ್ಕ. ದೊಡ್ಡ ಸಾಮಾನು ಒಬ್ಬರೇ ಹೊರೋದೂ ಇಲ್ಲ. ಸೋಮವಾರ ಏಳಕ್ಕೆ ಹೊರಡ್ತೀವಿ. ನೀನು ಬರಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕು’ ಎಂದ. ಆ ವ್ಯಾನು ನನಗೆ ಬೇಕಿತ್ತು. ಕೂಲಿಗಿಂತ ಹೆಚ್ಚಾಗಿ, ಬೆಳಿಗ್ಗೆ ಎದ್ದು ಎಲ್ಲಿಗಾದರೂ ಹೋಗುವವಳಾಗುವುದು ಬೇಕಿತ್ತು. ಡಾಕ್ಟರನ್ನು ಕೇಳಿದೆ, ಅಮ್ಮನಿಗೆ ಕೊಡುವ ಹಾಗೆ ನನಗೂ ಮಾತ್ರೆಯನ್ನು ಮನೆಗೆ ಕೊಡಿ ಎಂದು. ‘ನಿನ್ನಂಥೋರ ಕೈಗೆ ಕೊಟ್ರೆ ಸಂಜೆಗೆ ಬೀದೀಲಿರುತ್ತೆ. ಶುಕ್ರವಾರ ನಾನೇ ಬಂದು ನಿನ್ನ ನಡತೆ ನೋಡ್ತೀನಿ. ಆಮೇಲೆ ಹೇಳ್ತೀನಿ’ ಎಂದರು.

ಶುಕ್ರವಾರ ಬಂದರು. ಮಿರುಗುವ ಬೂಟು, ಇಸ್ತ್ರಿ ಮಾಡಿದ ಕೋಟು. ನಮಗಾಗಿ ಅಲ್ಲ. ಅವತ್ತು ಹತ್ತಕ್ಕೆ ಎದುರಿನ ಸಭಾಂಗಣದಲ್ಲಿ ಅವರ ಭಾಷಣವಿತ್ತು. ಗಾಜಿನ ಬಾಗಿಲಿಗೆ ಪೋಸ್ಟರ್ ಅಂಟಿಸಿದ್ದರು. ವಿಷಯ: ‘ವ್ಯಸನಿಯೂ ಮನುಷ್ಯನೇ’. ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋಗಿದೆ ಎಂದು ದರ್ಜಿ ಹೇಳಿದ.

ನಾನು ಬೆಂಚಿನ ಮೇಲೆ ಮದುಮಗಳ ಹಾಗೆ ಕೂತಿದ್ದೆ. ಮೊಣಕಾಲು ಜೋಡಿಸಿ, ಕೈ ಮಡಿಲಲ್ಲಿಟ್ಟು, ನಡತೆಯೇ ಮೈವೆತ್ತಂತೆ. ಡಾಕ್ಟರು ನಮ್ಮ ಮುಂದೆ, ಬೆಂಚಿಗೆ ಬೆನ್ನು ಮಾಡಿ, ಸಿಸ್ಟರ್ ಹತ್ತಿರ ಏನೋ ಮಾತಾಡುತ್ತಿದ್ದರು. ದರ್ಜಿ ಪಿಸುಗುಟ್ಟಿದ.

‘ಒಬ್ಬ ಧಡೂತಿ ಮನುಷ್ಯ ನನ್ನ ಹತ್ರ ಪ್ಯಾಂಟ್ ಹೊಲಿಸೋಕೆ ಬಂದ. ಸೊಂಟದ ಹತ್ರ ಒಂದು ಗೇಣು ಜಾಸ್ತಿ ಬಿಡಿ, ಇನ್ನೂ ದಪ್ಪ ಆಗೋ ಯೋಚನೆ ಇದೆ ಅಂದ. ಸಂಜೆ ಅವನ ಹೆಂಡ್ತಿ ಒಬ್ಬಳೇ ಬಂದಳು. ಬಂದು ಏನಂದಳು ಗೊತ್ತಾ?’

ಸಿಸ್ಟರ್ ಎದ್ದು ಬಂದರು. ಒಬ್ಬೊಬ್ಬರ ನಾಲಿಗೆಯ ಕೆಳಗೂ ಮಾತ್ರೆ ಇಟ್ಟರು. ಬಾಯಿಗಳು ಮುಚ್ಚಿದವು. ಹೊರಗಿನಿಂದ ಬೀಗ ಬಿತ್ತು.

ನಾನು ನೆಲ ನೋಡುತ್ತಾ ಇದ್ದೆ. ಹೆಂಡತಿ ಏನಂದಿರಬಹುದು ಎಂದು ಯೋಚಿಸಬಾರದು ಎಂದುಕೊಂಡೆ. ಅಷ್ಟರಲ್ಲಿ ಬೇಕರಿಯವನು ಮೊಣಕೈಯಿಂದ ತಿವಿದ. ತಲೆ ಎತ್ತಿದೆ. ದರ್ಜಿ ಎದ್ದು, ಡಾಕ್ಟರ ಹಿಂದೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಕೊರಳಿನ ಟೇಪು ಬಿಚ್ಚಿ, ಮುಟ್ಟದೆ, ಗಾಳಿಯಲ್ಲೇ ಅವರ ಸೊಂಟದ ಅಳತೆ ತೆಗೆಯುತ್ತಿದ್ದ. ಟೇಪು ಸಾಲಲಿಲ್ಲ. ಅವನು ಟೇಪನ್ನು ನೋಡಿದ, ಸೊಂಟವನ್ನು ನೋಡಿದ, ಸಿಸ್ಟರ್ ಮಫ್ಲರಿನ ಕಡೆಗೆ ಕೈ ತೋರಿಸಿದ.

ನಾನು ಮೂಗು ಹಿಡಿದುಕೊಂಡೆ. ತೊಡೆ ಚಿವುಟಿಕೊಂಡೆ. ಸತ್ತುಹೋದ ನಮ್ಮಪ್ಪನನ್ನು ನೆನೆಸಿಕೊಂಡೆ. ಏನೂ ಆಗಲಿಲ್ಲ. ನಗು ನುಗ್ಗಿ ಬಂತು, ಅದರ ಜೊತೆ ಮಾತ್ರೆಯೂ ಬಂತು. ಅಷ್ಟು ಹೊತ್ತಿಗೆ ಡಾಕ್ಟರು ಈ ಕಡೆ ತಿರುಗಿದ್ದರು. ಮಾತ್ರೆ ಅವರ ಬೂಟಿಗೆ ತಗಲಿ ನೆಲಕ್ಕೆ ಬಿತ್ತು.

‘ಉಗುಳಿದೆ’ ಎಂದರು ಡಾಕ್ಟರು.

‘ನಗು ಬಂತು ಸಾರ್.’

‘ಯಾಕೆ?’

‘ಪ್ಯಾಂಟಿಂದ ಸಾರ್.’

ಅವರು ಗಾಬರಿಯಾಗಿ ಬಗ್ಗಿ ತಮ್ಮ ಪ್ಯಾಂಟು ನೋಡಿಕೊಂಡರು. ಅದು ಸರಿಯಾಗಿಯೇ ಇತ್ತು. ಆಗ ಅವರ ಮುಖ ಬಿಗಿಯಿತು.

‘ಎತ್ತು’ ಎಂದರು.

‘ಸಾರ್?’

‘ಮಾತ್ರೆ ಎತ್ತು. ಬಾಯಿಗೆ ಹಾಕ್ಕೋ.’

‘ನೆಲಕ್ಕೆ ಬಿದ್ದಿದೆ ಸಾರ್. ಇನ್ನೊಂದು ಕೊಡಿ.’

‘ಇನ್ನೊಂದಾ? ಇದಕ್ಕಿಂತ ಕೊಳಕು ಜಾಗದಿಂದ ಎತ್ತಿ ತಿಂದಿರೋ ಜನ ನೀವು. ನೆಲ ನೋಡ್ತೀರಾ ಈಗ? ಎತ್ತು. ಇಲ್ಲಾಂದ್ರೆ ಇವತ್ತಿಂದ ನಿನಗೆ ಮಾತ್ರೆ ಇಲ್ಲ. ಮನೆಗೆ ಕೊಡೋ ಮಾತಂತೂ ಮರೆತುಬಿಡು.’

ಮಾತ್ರೆ ಅರ್ಧ ಕರಗಿತ್ತು. ಅದಕ್ಕೊಂದು ಕೂದಲು ಅಂಟಿತ್ತು. ಪಕ್ಕದಲ್ಲಿ ಬೂಟಿನ ತುದಿ. ನಾನು ಸುಳ್ಳು ಹೇಳುವುದಿಲ್ಲ, ನನ್ನ ಕೈ ಮುಂದೆ ಹೋಯಿತು. ಮೈಗೆ ಮಾನ ಮರ್ಯಾದೆ ಇರುವುದಿಲ್ಲ. ನಾಳೆ ಮೂಗು ಸೋರುತ್ತದೆ, ನಾಡಿದ್ದು ಮೂಳೆಯೊಳಗೆ ಇರುವೆ ಹರಿಯುತ್ತದೆ, ಸೋಮವಾರ ವ್ಯಾನು ಹೊರಡುವಾಗ ನಾನು ನೆಲದ ಮೇಲೆ ಸುರುಟಿಕೊಂಡು ಬಿದ್ದಿರುತ್ತೇನೆ ಎಂದು ಅದಕ್ಕೆ ಗೊತ್ತು. ಬಗ್ಗಿದರೆ ಆಯಿತು.

ಈ ಬೆನ್ನು ಏನೇನು ಹೊತ್ತಿದೆ. ಬೀರು, ಹಾಸಿಗೆ, ಹೊಲಿಗೆ ಯಂತ್ರ, ಯಾರದೋ ತಾತನ ಕಲ್ಲಿನ ಮೇಜು. ಹೊರು ಎಂದಾಗ ಬಗ್ಗಿದೆ. ನೋವು ನುಂಗು ಎಂದಾಗ ನುಂಗಿದೆ. ಕೆಟ್ಟವಳು ಎಂದು ಕೂಗು ಎಂದಾಗ ಕೂಗಿದೆ. ಬಗ್ಗುವುದು ಅಭ್ಯಾಸವಾಗಿಹೋಗಿತ್ತು. ಅಲ್ಲಿಯವರೆಗೆ ಯಾರೂ ನನ್ನನ್ನು ಬಗ್ಗಿ ತಿನ್ನು ಎಂದಿರಲಿಲ್ಲ. ಸಿಟ್ಟು ಹೊಟ್ಟೆಯಿಂದ ಎದ್ದು ಸೊಂಟಕ್ಕೆ ಬಂದು ನಿಂತಿತು. ಸೊಂಟ ನೆಟ್ಟಗಾಯಿತು.

‘ಬಗ್ಗಲ್ಲ’ ಎಂದೆ.

‘ಏನಂದೆ?’

‘ಸೊಂಟ ನೋವು ಅಂತಲ್ಲ ಸಾರ್. ನೋವಿದೆ. ಆದ್ರೆ ಅದಕ್ಕಲ್ಲ. ಬಗ್ಗಲ್ಲ.’

ಡಾಕ್ಟರು ಸಿಸ್ಟರ್ ಕಡೆ ತಿರುಗಿ, ‘ಉಳಿದವರ ನಾಲಿಗೆ ನೋಡಿ ಕಳಿಸಿ. ಇವಳು ಹಾಗೇ ಹೋಗಲಿ’ ಎಂದರು.

ಸಿಸ್ಟರ್ ಟಾರ್ಚು ಹಿಡಿದು ಬೇಕರಿಯವನ ಮುಂದೆ ನಿಂತರು. ‘ಆ ಅನ್ನು.’

ಬೇಕರಿಯವನು ಅನ್ನಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಚಾವಣಿ ನೋಡಿದ. ಗಾರೆ ಕೆಲಸದವನ ಮುಂದೆ ಹೋದರು. ಅವನು ಸಿಮೆಂಟು ಮೆತ್ತಿದ ಹಾಗೆ ತುಟಿ ಬಿಗಿದಿದ್ದ. ದರ್ಜಿ ಎರಡು ಬೆರಳಿನಲ್ಲಿ ಸೂಜಿ ಹಿಡಿದಂತೆ ಮಾಡಿ, ತನ್ನ ಬಾಯಿಯನ್ನು ಈ ತುದಿಯಿಂದ ಆ ತುದಿಯವರೆಗೆ ಹೊಲಿದು, ಗಂಟು ಹಾಕಿ, ದಾರ ಕಡಿದ. ಬೆಂಚಿನ ಕೊನೆಯವರೆಗೂ ಹಾಗೆಯೇ. ಮಾತ್ರೆಗಳು ಅಷ್ಟು ಹೊತ್ತಿಗೆ ಕರಗಿದ್ದವು. ಒಂದು ಬಾಯಿಯೂ ತೆರೆಯಲಿಲ್ಲ. ಯಾರೂ ಯಾರಿಗೂ ಮುಂಚೆ ಹೇಳಿಕೊಟ್ಟಿರಲಿಲ್ಲ.

‘ನಾಟಕ ಆಡ್ತಿದ್ದೀರಾ? ಇರಿ ಇಲ್ಲೇ ನೀವು’ ಎಂದು ಡಾಕ್ಟರು ಬಾಗಿಲಿಗೆ ಹೋಗಿ ಬಡಿದರು. ‘ಏ, ಬಾಗಿಲು ತೆಗಿಯೋ.’

ಹೊರಗಿನಿಂದ ಕಾವಲುಗಾರನ ದನಿ ಬಂತು. ‘ಬೇಡ ದರ್ಜಿಯವ್ರೇ. ಹೋದ ಸಲ ನಿಮ್ಮಿಂದ ಉಗಿಸ್ಕೊಂಡಿದ್ದು ಸಾಕು.’

‘ನಾನು ಕಣೋ, ಡಾಕ್ಟರು.’

‘ಇವತ್ತು ಅಷ್ಟು ಚೆನ್ನಾಗಿ ಬಂದಿಲ್ಲ. ಡಾಕ್ಟ್ರದು ಇಷ್ಟು ಕೀರಲು ದನಿ ಅಲ್ಲ.’

ಬೆಂಚು ಅಲುಗಾಡತೊಡಗಿತು. ಬಾಯಿ ಮುಚ್ಚಿಕೊಂಡು ನಗುವುದರಲ್ಲಿ ನಮ್ಮನ್ನು ಮೀರಿಸುವವರು ಯಾರೂ ಇಲ್ಲ. ಡಾಕ್ಟರು ಸಿಸ್ಟರ್ ಕಡೆ ತಿರುಗಿದರು. ‘ನೀವಾದ್ರೂ ಹೇಳಿ ಅವನಿಗೆ.’

‘ನಾಲಿಗೆ ನೋಡಿಲ್ವಲ್ಲ ಡಾಕ್ಟ್ರೇ’ ಎಂದರು ಸಿಸ್ಟರ್. ‘ನೋಡದೆ ನೋಡಿದೆ ಅಂತ ಹೇಗೆ ಹೇಳಲಿ.’

ಡಾಕ್ಟರ ಫೋನು ಬಡಿದುಕೊಳ್ಳತೊಡಗಿತು. ಸಭಾಂಗಣದವರು. ಇವರು ‘ಬಂದೆ, ಬಂದೆ’ ಎಂದು ಇಟ್ಟರು. ಇನ್ನು ಯಾರಿಗೆ ಫೋನು ಮಾಡಬೇಕು ಎಂದು ಯೋಚಿಸಿದ ಹಾಗೆ ಕಂಡಿತು. ಮಾಡಿ ಏನೆನ್ನುವುದು? ರೋಗಿಗಳು ಬಾಯಿ ತೆಗೆಯುತ್ತಿಲ್ಲ, ಬಂದು ಬಿಡಿಸಿಕೊಂಡು ಹೋಗಿ ಎನ್ನುವುದೇ? ಫೋನನ್ನು ಜೇಬಿಗೆ ಹಾಕಿಕೊಂಡರು.

ಹೊರಗೆ ಇನ್ನೊಂದು ದನಿ ಕೇಳಿಸಿತು. ಅಮ್ಮ. ಕೆಲಸ ಮುಗಿಸಿ ನನಗಾಗಿ ಕಾದು ಸಾಕಾಗಿ, ಕಟ್ಟಡ ಸುತ್ತಿಕೊಂಡು ಬಂದಿದ್ದಳು. ‘ಯಾಕಪ್ಪ ಇವತ್ತು ಇಷ್ಟು ಹೊತ್ತು?’

‘ಒಳಗೆ ಯಾರೂ ನಾಲಿಗೆ ತೋರಿಸ್ತಿಲ್ವಂತೆ ಅಮ್ಮ’ ಎಂದ ಕಾವಲುಗಾರ.

‘ನನ್ ಮಗಳೂನಾ? ಚಿಕ್ಕವಳಿದ್ದಾಗ ಬೀದೀಲಿ ಹೋಗೋ ಬರೋರಿಗೆಲ್ಲ ತೋರಿಸ್ತಿದ್ಲು. ಬೇಡ ಕಣೇ ಅಂತ ಹೊಡೆದು ಸಾಕಾಗಿತ್ತು ನಂಗೆ.’ ಆಮೇಲೆ ತಗಡಿಗೆ ಬಾಯಿಟ್ಟು ಕೇಳಿದಳು. ‘ಏನಾಯ್ತೇ?’

‘ಮಾತ್ರೆ ಬಿತ್ತಮ್ಮ. ನೆಲದಿಂದ ಎತ್ತಿ ತಿನ್ನು ಅಂತಾರೆ ಡಾಕ್ಟ್ರು.’

ಅಮ್ಮ ಡಾಕ್ಟರಿಗೇ ಹೇಳಿದಳು. ಕೂಗಲಿಲ್ಲ. ಮುಂದಿನ ಬಾಗಿಲಿನಲ್ಲಿ ಮಾತಾಡುವ ಅದೇ ಮರ್ಯಾದೆಯ ದನಿ.

‘ಡಾಕ್ಟ್ರೇ, ಹೋದ ವಾರ ಬಸ್ಸಿಳಿಯೋವಾಗ ನನ್ನ ಔಷಧಿ ಚೀಲ ಪೂರ್ತಿ ಚರಂಡಿಗೆ ಬಿತ್ತು. ಮುಂದಿನ ಬಾಗಿಲಲ್ಲಿ ಹೇಳಿದೆ. ಪರವಾಗಿಲ್ಲಮ್ಮ ಅಂತ ಹೊಸದು ಕೊಟ್ರು. ತಪ್ಪಾಗಿದ್ರೆ ಹೇಳಿ, ನಾನೂ ಚರಂಡಿಗಿಳಿದು ಎತ್ತಿ ತಿಂತೀನಿ.’

ಡಾಕ್ಟರು ಹಣೆ ಒರೆಸಿಕೊಂಡರು. ಫೋನು ಮತ್ತೆ ಬಡಿದುಕೊಂಡಿತು. ‘ಆಯ್ತು. ಸಿಸ್ಟರ್, ಇವರಿಗೆ ಇನ್ನೊಂದು ಮಾತ್ರೆ ಕೊಡಿ. ಈಗ ಎಲ್ಲರೂ ಬಾಯಿ ತೆಗೀರಿ.’

ಯಾರೂ ತೆಗೆಯಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಬಾಯಿ ತೆರೆದು ಮಾತಾಡುತ್ತಿದ್ದವಳು ನಾನೊಬ್ಬಳೇ. ನಾನು ಕೇಳಬೇಕೆಂದುಕೊಂಡಿದ್ದು ನನ್ನ ಮಾತ್ರೆ, ನನ್ನ ಮನೆಗೆ, ನನ್ನ ವ್ಯಾನಿಗಾಗಿ. ಆ ಗಳಿಗೆಯಲ್ಲಿ ಕೇಳಿದ್ದರೆ ಕೊಡುತ್ತಿದ್ದರು ಎಂದು ಈಗಲೂ ನಂಬಿದ್ದೇನೆ. ಆದರೆ ಬೇಕರಿಯವನ ಉಬ್ಬಿದ ಕೆನ್ನೆ ಕಣ್ಣಿಗೆ ಬಿತ್ತು. ಬ್ರೆಡ್ಡು ಬಿಟ್ಟು ಬಂದ ಮನುಷ್ಯ ನನಗೋಸ್ಕರ ಹಾಗೆ ಕೂತಿದ್ದ.

‘ಬಾಗಿಲು ಆರಕ್ಕೆ ತೆಗೀರಿ ಸಾರ್’ ಎಂದೆ. ‘ಕೆಲಸಕ್ಕೆ ಹೋಗೋ ಮುಂಚೆ ಎಲ್ರಿಗೂ ಕೊಡಿ.’

‘ಆರಕ್ಕಾ? ಅಷ್ಟು ಹೊತ್ತಿಗೆ ಯಾರಿರ್ತಾರೆ ಇಲ್ಲಿ? ಸಿಬ್ಬಂದಿ ಎಲ್ಲಿ?’

ಸಿಸ್ಟರ್ ಕೆಮ್ಮಿದರು. ಕಿಟಕಿಯ ಹಿಂದೆ ಹೋಗಿ ಚೀಲ ತಂದರು. ಮಫ್ಲರಿನ ಒಂದು ತುದಿಯನ್ನು ಬೇಕರಿಯವನ ಕೈಗೆ ಕೊಟ್ಟು, ಬಿಚ್ಚುತ್ತಾ ಬಿಚ್ಚುತ್ತಾ ಬೆಂಚಿನ ಉದ್ದಕ್ಕೂ ನಡೆದರು. ಬೆಂಚು ಮುಗಿಯಿತು. ಮಫ್ಲರ್ ಮುಗಿಯಲಿಲ್ಲ.

‘ನಾನಿರ್ತೀನಿ ಡಾಕ್ಟ್ರೇ. ನನ್ನ ಪಾಳಿ ಶುರುವಾಗೋದೇ ಆರಕ್ಕೆ. ಒಳಗಿನ ಕಾರಿಡಾರಿಂದ ಬಂದು ಕೂರ್ತೀನಿ. ಮಾತ್ರೆ ಇಲ್ಲೇ ಇರುತ್ತೆ, ನಾನಿಲ್ಲೇ ಇರ್ತೀನಿ, ಇವರು ಹೊರಗೆ ಕಸದ ಹತ್ರ ನಿಂತಿರ್ತಾರೆ. ನೀವು ಬಂದ ಮೇಲೇ ಆ ಬೀಗ ತೆಗೀಬೇಕು ಅಂತ ನೀವೇ ಹೇಳಿದ್ದು. ನೀವು ಬರೋದು ಒಂಬತ್ತಕ್ಕೆ. ಅಲ್ಲಿವರೆಗೆ ಕೈ ಸುಮ್ಮನಿರಲ್ಲ, ಅದಕ್ಕೆ ಇದು.’

ನಮ್ಮ ಕೆಲಸಗಳು ಹೋದದ್ದು, ನಾವು ಬಯ್ಯಿಸಿಕೊಂಡದ್ದು, ಬಿಸಿಗಾಳಿಯಲ್ಲಿ ನಿಂತದ್ದು ಎಲ್ಲ ಬೂದು ಉಣ್ಣೆಯಾಗಿ ಕಣ್ಣ ಮುಂದೆ ಇತ್ತು. ಜಿರಾಫೆಯ ತಮಾಷೆ ಮಾಡಿದ್ದ ದರ್ಜಿ ಅದನ್ನು ಬೆರಳಿನಲ್ಲಿ ಸವರಿ ನೋಡಿದ. ನನಗೆ ಅವತ್ತು ಅಳು ಬಂದಿದ್ದರೆ ಆಗಲೇ ಬರಬೇಕಿತ್ತು.

‘ಮೇಲಿನವರನ್ನ ಕೇಳ್ಬೇಕಾಗುತ್ತೆ’ ಎಂದರು ಡಾಕ್ಟರು.

‘ಈ ವಿಭಾಗಕ್ಕೆ ಮೇಲಿನವರು ನೀವೇ ಅಲ್ವಾ’ ಎಂದರು ಸಿಸ್ಟರ್.

ಫೋನು ಮತ್ತೆ ಬಡಿದುಕೊಂಡಿತು. ಡಾಕ್ಟರು ಅದನ್ನು ನೋಡಿದರು, ಬೆಂಚನ್ನು ನೋಡಿದರು. ‘ಸರಿ. ಸೋಮವಾರದಿಂದ ಆರಕ್ಕೆ.’

‘ಹೊರಗೂ ಕೇಳಿಸ್ಲಿ ಸಾರ್’ ಎಂದೆ.

ಅವರು ಬಾಗಿಲ ಕಡೆ ತಿರುಗಿ, ‘ಸೋಮವಾರದಿಂದ ಆರಕ್ಕೆ ತೆಗೀಬೇಕು, ಬೀಗದ ಕೈ ಸಿಸ್ಟರ್ ಹತ್ರ ಇರಲಿ’ ಎಂದು ಕೂಗಿದರು.

‘ಇದು ಡಾಕ್ಟ್ರಾ, ದರ್ಜಿಯಾ ಸಿಸ್ಟರ್?’

‘ಡಾಕ್ಟ್ರೇ’ ಎಂದರು ಸಿಸ್ಟರ್. ಆಮೇಲೆ ನೆಲದ ಕಡೆ ಕೈ ತೋರಿಸಿದರು. ‘ಬಿದ್ದ ಮಾತ್ರೆಯನ್ನ ಅಧಿಕಾರಿಯೇ ಎತ್ತಿ ನನ್ನ ಮುಂದೆ ನಾಶ ಮಾಡ್ಬೇಕು. ಅದೂ ನಿಯಮ.’

ಡಾಕ್ಟರು ಬಗ್ಗಿದರು. ಅವರ ಸೊಂಟ ಕಟಕ್ ಎಂದಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅಯ್ಯೋ ಪಾಪ ಎನ್ನಿಸಿತು. ಜೊತೆಗೆ ಖುಷಿಯೂ ಆಯಿತು. ಎರಡೂ ನಿಜ.

ಆಗ ಬೆಂಚಿನ ಉದ್ದಕ್ಕೂ ಬಾಯಿಗಳು ತೆರೆದವು. ‘ಆ.’ ಸಾಲು ನಾಲಿಗೆ, ಡಾಕ್ಟರ ಕಡೆಗೆ. ಸಿಸ್ಟರ್ ಟಾರ್ಚು ಹಿಡಿದು ನಿಧಾನವಾಗಿ ನೋಡಿದರು. ಅವರು ನೋಡಿ ಮುಗಿಸಿದ ಮೇಲೂ ಯಾರೂ ನಾಲಿಗೆ ಒಳಗೆಳೆದುಕೊಳ್ಳಲಿಲ್ಲ.

ಡಾಕ್ಟರು ಬಾಗಿಲಿಗೆ ಹೊರಟರು. ‘ಇನ್ನೊಂದು ನಾಲಿಗೆ ಉಳಿದಿದೆ’ ಎಂದು ಸಿಸ್ಟರ್ ನನಗೆ ಹೊಸ ಮಾತ್ರೆ ಇಟ್ಟರು. ನಾನು ಬಾಯಿ ಮುಚ್ಚಿ, ಮೊಣಕಾಲು ಜೋಡಿಸಿ, ಕೈ ಮಡಿಲಲ್ಲಿಟ್ಟು ಕೂತೆ. ಮಾತ್ರೆ ಅದರ ಪಾಡಿಗೆ ಅದು ಕರಗಬೇಕು, ಅವಸರ ಮಾಡಬಾರದು. ಡಾಕ್ಟರು ಅತ್ತಿಂದಿತ್ತ ನಡೆದರು. ಒಬ್ಬ ಡಾಕ್ಟರು ನನಗಾಗಿ ಕಾದದ್ದು ಅದೇ ಮೊದಲು.

ಸೋಮವಾರ ಆರಕ್ಕೆ ಹೋದಾಗ ಬಾಗಿಲು ತೆರೆದಿತ್ತು. ತಗಡು ಅದೇ ತಗಡು. ಕಸದ ಡಬ್ಬಿಗಳು ಅಲ್ಲೇ ಇದ್ದವು. ಗೋಡೆಯ ಫಲಕ ‘ನಗಬಾರದು’ ಎನ್ನುತ್ತಲೇ ಇತ್ತು. ಹಳೇ ಮಾಲೀಕನ ವ್ಯಾನಿನಲ್ಲಿ ಡಬ್ಬಿ ಈಗಲೂ ಇದೆ ಎಂದು ಉದ್ದಣ್ಣ ಹೇಳಿದ್ದ, ಅದನ್ನು ಕೇಳುವವರು ಇನ್ನೂ ಯಾರೂ ಇಲ್ಲ. ಸಿಸ್ಟರ್ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು, ಕೈಗೆ ಕೆಲಸ ಬಂದ ಖುಷಿಯಲ್ಲಿ ನಮ್ಮನ್ನೆಲ್ಲ ಗದರುತ್ತಿದ್ದರು. ಮಫ್ಲರಿನ ಒಂದು ತುಂಡು ಕಾವಲುಗಾರನ ಕೊರಳಲ್ಲಿತ್ತು.

ನಾಲಿಗೆ ತೋರಿಸಿ ಹೊರಟವಳನ್ನು ದರ್ಜಿ ಬಾಗಿಲಿನ ಹತ್ತಿರ ಹಿಡಿದ. ‘ಶುಕ್ರವಾರದ ಕಥೆಗೆ ಕೊನೆ ಬೇಡ್ವಾ? ಹೆಂಡ್ತಿ ಬಂದು ಏನಂದಳು ಗೊತ್ತಾ? ಅವರ ಮಾತು ಕಟ್ಕೊಂಡು ಬಟ್ಟೆ ಹಾಳು ಮಾಡ್ಬೇಡಿ. ಹಳೇ ಅಳತೇನೇ ಇರಲಿ. ಅಡುಗೆಮನೆ ಬೀಗದ ಕೈ ನನ್ನ ಹತ್ರ ಇದೆ ಅಂದಳು.’

ವ್ಯಾನಿನ ಗಡಿಬಿಡಿಯಲ್ಲಿ ‘ಹೂಂ’ ಎಂದು ಓಡಿದೆ.

ಅವತ್ತಿನ ಮೊದಲ ಮನೆ ಲಿಫ್ಟ್ ಇಲ್ಲದ ಕಟ್ಟಡ, ಮೊದಲ ಸಾಮಾನೇ ಫ್ರಿಜ್ಜು. ಕೆಳಗೆ ಉದ್ದಣ್ಣ, ಮೇಲೆ ನಾನು, ನಡುವೆ ದಪ್ಪ ಪಟ್ಟಿ. ಮೂರನೇ ಮಹಡಿಯ ತಿರುವಿನಲ್ಲಿ ಉಸಿರು ಬಿಡುವಾಗ ಸಿಸ್ಟರ್ ಸೊಂಟದ ಬೀಗದ ಕೈ ನೆನಪಾಯಿತು, ಅದರ ಹಿಂದೆಯೇ ಆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ನಗು ಶುರುವಾಯಿತು. ತಡೆಯಲಿಲ್ಲ. ಬಾಯಲ್ಲಿ ಮಾತ್ರೆ ಇರಲಿಲ್ಲ, ಎದುರಿಗೆ ಫಲಕ ಇರಲಿಲ್ಲ. ಕಣ್ಣಲ್ಲಿ ನೀರು ಬರುವ ಹಾಗೆ, ಮೆಟ್ಟಿಲ ಗೋಡೆಗಳೆಲ್ಲ ಮೊಳಗುವ ಹಾಗೆ ನಕ್ಕೆ. ಕೆಳಗಿನಿಂದ ಉದ್ದಣ್ಣ, ‘ಏನಾಯ್ತು ಫ್ರಿಜ್ಜಕ್ಕ, ಬೀಳಿಸ್ಬೇಡ’ ಎಂದ.

ಬೀಳಲಿಲ್ಲ. ಈ ಸಲ ಇಬ್ಬರು ಹಿಡಿದಿದ್ದೆವು.